ಮೂಗಿನಿಂದ ರಕ್ತಕ್ಕೆ: ಔಷಧಿಗೆ ಬಗ್ಗದ ಸ್ಟೆಫೈಲೊಕಾಕಸ್ ನುಸುಳುವುದು ಹೇಗೆ?

“ತುಂಬಾ ಸುಸ್ತು, ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟರೇ” ಎಂದು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಬಾಟಲಿಯೊಳಗಿನ ನೀರಿನ ಬಗ್ಗೆ ನನ್ನ ತಕರಾರಿಲ್ಲ, ಅದಕ್ಕಾಗಿ ಚರ್ಮದಲ್ಲಿ ಕೊರೆಯುವ ತೂತಿನ ಬಗ್ಗೆ ಇದೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅಷ್ಟು ಬಾಗಿಲು ಸಾಕು.

ಅದರ ವಾಸ ನಮ್ಮದೇ ಮೂಗಿನ ಹೊಳ್ಳೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಯಾವ ಉಪದ್ರವವನ್ನೂ ಕೊಡದೆ ಇರುತ್ತದೆ. ಮೂಗು ಮುಟ್ಟಿದ ಕೈ ಚರ್ಮವನ್ನು ಮುಟ್ಟುತ್ತದೆ. ಮೊದಲ ಹಂತ ಇಷ್ಟೇ. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೆ ಕಂಡದ್ದು ದ್ರಾಕ್ಷಿ ಗೊಂಚಲಿನಂಥ ಉಂಡೆಗಳು. ಗ್ರೀಕ್ ಭಾಷೆಯ ಆ ಗೊಂಚಲೇ ಹೆಸರಿಗೂ ಬಂತು.

ಎರಡನೆಯ ಹಂತ ಚರ್ಮ ದಾಟುವುದು. ಗಾಯ, ಹಿಸುಕಿದ ಕುರು (ಮೂಗಿನ ಮೇಲಿನ ಕುರುವನ್ನು ಮುಟ್ಟಬೇಡ ಎಂದು ಗದರುತ್ತಿದ್ದ ಅಜ್ಜಿಯ ಮಾತು ವೈದ್ಯಕೀಯವಾಗಿಯೂ ಸರಿ), ಡಯಾಲಿಸಿಸ್ ನಳಿಕೆ, ಡ್ರಿಪ್ ಹಾಕಲು ಮುಂಗೈಯ ರಕ್ತನಾಳದಲ್ಲಿ ಇಡುವ ಪ್ಲಾಸ್ಟಿಕ್ ನಳಿಕೆ (ಕ್ಯಾನುಲಾ), ಇವೆಲ್ಲ ದಾರಿಗಳೇ. ಪ್ಲಾಸ್ಟಿಕ್ ಸಿಕ್ಕರಂತೂ ಅದಕ್ಕೆ ಹಬ್ಬ. ಕೊಳದ ಮೆಟ್ಟಿಲಿಗೆ ಪಾಚಿ ಕಟ್ಟುವಂತೆ ನಳಿಕೆಗೆ ಅಂಟಿಕೊಂಡು, ಮೇಲೊಂದು ಲೋಳೆಯ ಹೊದಿಕೆ ಹೊದ್ದು ಕೂರುತ್ತದೆ. ಆ ಹೊದಿಕೆಯೊಳಗೆ ಔಷಧಿಯ ಆಟವೂ ಬಿಳಿ ರಕ್ತಕಣಗಳ ಆಟವೂ ಹೆಚ್ಚು ನಡೆಯದು. ಆದ್ದರಿಂದಲೇ ನಳಿಕೆಯನ್ನು ತೆಗೆಯದೆ ಬರೀ ಔಷಧಿ ಕೊಟ್ಟರೆ ಜ್ವರ ಮರಳುವುದುಂಟು.

ಮೂರನೆಯದು ರಕ್ತದಲ್ಲಿ ಉಳಿದುಕೊಳ್ಳುವುದು. ಹಾಲಿಗೆ ಹೆಪ್ಪು ಹಾಕಿದಂತೆ, ಕೊಯಾಗ್ಯುಲೇಸ್ ಎಂಬ ಪ್ರೋಟೀನಿನಿಂದ ತನ್ನ ಸುತ್ತಲಿನ ರಕ್ತವನ್ನೇ ಗಟ್ಟಿಮಾಡಿ ಒಳಗೆ ಅಡಗುತ್ತದೆ. ನಮ್ಮ ಪ್ರತಿಕಾಯಗಳನ್ನು ಬಾಲದ ಕಡೆಯಿಂದ ಹಿಡಿದು ತಲೆಕೆಳಗು ಮಾಡುತ್ತದೆ. ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೂ ಬದುಕಬಲ್ಲದು. ಹೀಗೆ ತೇಲುತ್ತಾ ಹೋಗಿ ಹೃದಯದ ಕವಾಟ, ಬೆನ್ನೆಲುಬು, ಮೂತ್ರಪಿಂಡ, ಶ್ವಾಸಕೋಶ, ಎಲ್ಲಿ ಬೇಕಾದರೂ ತಳವೂರುತ್ತದೆ.

ಇಷ್ಟನ್ನೂ ಸಾಮಾನ್ಯ ಸ್ಟೆಫೈಲೊಕಾಕಸ್ ಕೂಡ ಮಾಡುತ್ತದೆ. ಹಾಗಾದರೆ ಔಷಧಿಗೆ ಬಗ್ಗದ ತಳಿಯಾದ ಎಂಆರ್‌ಎಸ್‌ಎಯ (ಮೆಥಿಸಿಲಿನ್ ಎಂಬ ಔಷಧಿಗೆ ಜಗ್ಗದ ಸ್ಟೆಫೈಲೊಕಾಕಸ್ ಆರಿಯಸ್) ವಿಶೇಷವೇನು? ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆಯಿದೆ. ಅದನ್ನು ಕಟ್ಟುವ ಪ್ರೋಟೀನನ್ನು ಗಾರೆ ಮೇಸ್ತ್ರಿ ಎನ್ನೋಣ. ಪೆನಿಸಿಲಿನ್ ಬಳಗದ ಔಷಧಿಗಳು ಮೇಸ್ತ್ರಿಯ ಕೈ ಕಟ್ಟುತ್ತವೆ, ಗೋಡೆ ಅರ್ಧಕ್ಕೆ ನಿಂತು ಬ್ಯಾಕ್ಟೀರಿಯಾ ಒಡೆಯುತ್ತದೆ. ಪೆನಿಸಿಲಿನ್ನನ್ನೇ ತುಂಡರಿಸುವ ತಳಿಗಳು ಹಬ್ಬಿದಾಗ, 1960ರ ಸುಮಾರಿಗೆ ಮೆಥಿಸಿಲಿನ್ ಬಂತು. 1961ರಲ್ಲೇ ಬ್ರಿಟನ್ನಿನಲ್ಲಿ ಅದಕ್ಕೂ ಜಗ್ಗದ ತಳಿ ವರದಿಯಾಯಿತು. ‘ಮೆಕ್‌ಎ’ ಎಂಬ ಜೀನ್ ಹೊತ್ತ ಈ ತಳಿ ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದಿತ್ತು. ಹಳೆಯ ಹಗ್ಗ ಅವನ ಕೈಗೆ ಹಿಡಿಯುವುದಿಲ್ಲ. ಆದ್ದರಿಂದ ರೋಗಿ ಕಳೆದುಕೊಳ್ಳುವುದು ಸಮಯವನ್ನು: ಮೊದಲು ಕೊಟ್ಟ ಔಷಧಿ ನಾಟದೆ, ರಕ್ತಪರೀಕ್ಷೆಯ ವರದಿ ಬರುವ ತನಕ ಸೋಂಕು ಹರಡುತ್ತಿರುತ್ತದೆ.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರು ಮಾಡಬಹುದಾದದ್ದು ಇದೆ. ಪ್ರತಿ ಬೆಳಿಗ್ಗೆ ಸಿಸ್ಟರ್ ಬಂದಾಗ “ಈ ಕ್ಯಾನುಲಾ ಇನ್ನೂ ಬೇಕೇ?” ಎಂದು ಕೇಳಿ. ‘ಇರಲಿ ಬಿಡಿ, ಬೇಕಾದೀತು’ ಎಂದು ಉಳಿಸಿದ ನಳಿಕೆಯೇ ಅಪಾಯ. ಸುತ್ತ ಕೆಂಪಾದರೆ, ನೋವಾದರೆ, ರಕ್ತನಾಳ ಹುರಿಯಂತೆ ಗಟ್ಟಿಯಾದರೆ ತಕ್ಷಣ ಹೇಳಿ. ನಡುಕ ಬಂದು ಜ್ವರ ಏರಿದರೆ ಸಂಜೆಯ ರೌಂಡ್ಸ್‌ವರೆಗೆ ಕಾಯಬೇಡಿ. ಸಾಧ್ಯವಾದ ಮಟ್ಟಿಗೆ ಆ್ಯಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುನ್ನವೇ ಎರಡು ಬೇರೆ ಜಾಗಗಳಿಂದ ರಕ್ತ ತೆಗೆದು ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ) ಕಳಿಸುತ್ತಾರೆ. ಮತ್ತೆ ಚುಚ್ಚುತ್ತಾರೆಂದು ಜಗಳಕ್ಕಿಳಿಯಬೇಡಿ. ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕರೆ, ಕವಾಟಕ್ಕೆ ತಗುಲಿದೆಯೇ ಎಂದು ನೋಡಲು ಹೃದಯದ ಎಕೋ (ಸ್ಕ್ಯಾನ್) ಕೂಡ ಬೇಕಾಗುತ್ತದೆ.

ಸೋಂಕು ಎಂಆರ್‌ಎಸ್‌ಎಯದೆಂದು ತಿಳಿದರೆ ಸಾಮಾನ್ಯವಾಗಿ ವ್ಯಾಂಕೊಮೈಸಿನ್ ಅಥವಾ ಡ್ಯಾಪ್ಟೊಮೈಸಿನ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ನಾಲ್ಕನೆಯ ದಿನ ಜ್ವರ ಬಿಟ್ಟಾಗ “ಇನ್ನು ಮನೆಗೆ ಕಳಿಸಿ” ಎಂದು ದುಂಬಾಲು ಬೀಳುವ ನೆಂಟರನ್ನು ಎಲ್ಲ ವಾರ್ಡುಗಳಲ್ಲೂ ಕಾಣಬಹುದು. ಚಿಕಿತ್ಸೆ ಕನಿಷ್ಠ 14 ದಿನ. ಕವಾಟಕ್ಕೋ ಮೂಳೆಗೋ ತಗುಲಿದ್ದರೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಈ ಎಣಿಕೆ ಶುರುವಾಗುವುದು ಇಂಜೆಕ್ಷನ್ ಆರಂಭಿಸಿದ ದಿನದಿಂದಲ್ಲ, ಕಲ್ಚರ್‌ನಲ್ಲಿ ರಕ್ತ ಮೊದಲ ಬಾರಿಗೆ ಶುದ್ಧವಾಗಿ ಕಂಡ ದಿನದಿಂದ.