ಸಿಂಹಾಸನದ ತಕರಾರನ್ನು ಬಿಡಿಸಿ ಓದುವುದು ಹೇಗೆ?

ಸಿಂಹಾಸನದ ಜಗಳ ಎಂದೊಡನೆ ಕತ್ತಿ ಕಣ್ಣಿಗೆ ಬರುತ್ತದೆ. ಆದರೆ ಕತ್ತಿ ಹಿರಿಯುವ ಮೊದಲು ತಿಂಗಳುಗಟ್ಟಲೆ ವಕೀಲಿ ವಾದ ನಡೆದದ್ದೂ ಉಂಟು. ಅದನ್ನು ಓದುವ ಕ್ರಮ ತಿಳಿಯಲು 1291–92ರ ಸ್ಕಾಟ್ಲೆಂಡ್ ಪ್ರಕರಣ ಸಾಕು.

ಮೊದಲು, ಗದ್ದುಗೆ ಏಕೆ ಬರಿದಾಯಿತು ನೋಡಿ. ಸ್ಕಾಟ್ಲೆಂಡಿನ ದೊರೆ ಮೂರನೇ ಅಲೆಕ್ಸಾಂಡರ್ 1286ರಲ್ಲಿ ಸತ್ತಾಗ ಅವನ ಮಕ್ಕಳ್ಯಾರೂ ಉಳಿದಿರಲಿಲ್ಲ. ಇದ್ದೊಬ್ಬ ಮೊಮ್ಮಗಳು, ನಾರ್ವೆಯ ಪುಟ್ಟ ಮಾರ್ಗರೆಟ್, 1290ರಲ್ಲಿ ಸ್ಕಾಟ್ಲೆಂಡಿಗೆ ಬರುವ ದಾರಿಯಲ್ಲೇ ತೀರಿಕೊಂಡಳು.

ಎರಡನೆಯದಾಗಿ, ವಂಶವೃಕ್ಷ ಬರೆದುಕೊಳ್ಳಿ. ನೇರ ಸಂತತಿ ಮುಗಿದಲ್ಲಿಂದ ಹಿಂದಕ್ಕೆ ಹೋಗಿ, ಕವಲು ಒಡೆದ ಜಾಗ ಹುಡುಕಬೇಕು. ಇಲ್ಲಿ ಆ ಜಾಗ ಅಲೆಕ್ಸಾಂಡರನ ಅಜ್ಜನ ತಮ್ಮ ಡೇವಿಡ್. ಸಂತತಿ ಉಳಿದ ಅವನ ಹೆಣ್ಣುಮಕ್ಕಳು ಮೂವರು: ಮಾರ್ಗರೆಟ್, ಇಸಬೆಲ್ಲಾ, ಆಡಾ. ಹಕ್ಕು ಕೇಳಿದವರು 13 ಮಂದಿ. ವಿವಾಹಬಾಹಿರ ಸಂತತಿಯ ಕವಲಿನವರನ್ನೆಲ್ಲ ಬದಿಗಿಡಿ.

ಮೂರನೆಯ ಹೆಜ್ಜೆಯೇ ಸ್ವಾರಸ್ಯದ್ದು. ಯಾರಿಗೆ ಹಕ್ಕು ಎಂದು ಕೇಳುವ ಬದಲು, ಯಾವ ನಿಯಮ ಹಿಡಿದರೆ ಯಾರು ಗೆಲ್ಲುತ್ತಾರೆ ಎಂದು ಕೇಳಿ. ಜಾನ್ ಬ್ಯಾಲಿಯಲ್ ಹಿರಿಯ ಮಗಳ ಮೊಮ್ಮಗ, ಅಂದರೆ ಡೇವಿಡ್‌ಗೆ ಮರಿಮಗ. ರಾಬರ್ಟ್ ಬ್ರೂಸ್ ಎರಡನೇ ಮಗಳ ಮಗ, ಡೇವಿಡ್‌ಗೆ ಮೊಮ್ಮಗ. ಹಿರಿಯ ಕವಲಿಗೇ ಪಟ್ಟ ಎಂದ ಬ್ಯಾಲಿಯಲ್. ತಲೆಮಾರಿನಲ್ಲಿ ಒಂದು ಮೆಟ್ಟಿಲು ಹತ್ತಿರ ಇರುವವನು ನಾನು ಎಂದ ಬ್ರೂಸ್. ಕಿರಿಯ ಮಗಳ ಮೊಮ್ಮಗ ಜಾನ್ ಹೇಸ್ಟಿಂಗ್ಸ್ ಇಬ್ಬರನ್ನೂ ಮೀರಿಸಿದ: ಕಿರೀಟ, ಅಭಿಷೇಕ ಇಲ್ಲದ ದೊರೆಗಳ ನಾಡು ರಾಜ್ಯವೇ ಅಲ್ಲ, ಆಸ್ತಿಯಂತೆ ಮೂರು ಪಾಲು ಮಾಡಿ!

ವಾದ ಯಾವಾಗ ಮಗ್ಗುಲು ಬದಲಿಸಿತು ಎಂದೂ ಗುರುತು ಹಾಕಿಕೊಳ್ಳಿ. ಸೋಲು ಖಚಿತವಾದ ಮೇಲೆ ಬ್ರೂಸ್ ಕೂಡ ಪಾಲಿನ ಮಾತು ಎತ್ತಿದ. ಇಡೀ ರಾಜ್ಯ ಕೇಳಿದವನಿಗೆ ಮೂರನೇ ಒಂದು ಪಾಲೂ ಸಾಕಾಗಿತ್ತು.

ಕೊನೆಗೆ, ಪಂಚಾಯ್ತಿ ಮಾಡಿದವನು ಯಾರು? ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್. ನನ್ನ ಕೇಳಿದರೆ ಈ ಪ್ರಶ್ನೆಯೇ ಮೊದಲು ಬರಬೇಕಿತ್ತು. ವಿಚಾರಣೆಗೆ ಕೂರುವ ಮುನ್ನವೇ ಅವನು ತನ್ನನ್ನು ಸ್ಕಾಟ್ಲೆಂಡಿನ ಅಧಿರಾಜನೆಂದು ಹಕ್ಕುದಾರರಿಂದ ಒಪ್ಪಿಸಿಕೊಂಡಿದ್ದ. ಆಮೇಲೆ ವಾದ ಕೇಳಲು ನೇಮಿಸಿದ 104 ಮಂದಿಯಲ್ಲಿ ಬ್ಯಾಲಿಯಲ್ ಕಡೆಯವರು 40, ಬ್ರೂಸ್ ಕಡೆಯವರು 40, ಎಡ್ವರ್ಡನವರು 24. ಲೆಕ್ಕವೇನೋ ಚೊಕ್ಕ. 1292ರ ನವೆಂಬರ್ 17ರಂದು ರಾಜ್ಯವನ್ನು ಒಡೆಯುವಂತಿಲ್ಲ, ಹಿರಿಯ ಕವಲಿಗೇ ಪಟ್ಟ ಎಂದು ತೀರ್ಪಾಯಿತು. ಕಾನೂನಿನ ಮಟ್ಟಿಗೆ ತಪ್ಪು ಹುಡುಕುವುದು ಕಷ್ಟ. ಹಾಗೆ ಗೆದ್ದ ಬ್ಯಾಲಿಯಲ್‌ನನ್ನು 1296ರಲ್ಲಿ ಗದ್ದುಗೆಯಿಂದ ಇಳಿಸಿದವನೂ ಎಡ್ವರ್ಡನೇ.