ಫಾಲ್ಸ್ ಅಂದರೆ ಇಲ್ಲ ಅಂತಲ್ಲ: ಆಫೀಸಿನ ಪ್ರೊಸೆಸರ್‌ಗಳ ಪಟ್ಟಿ ಮಾಡಿದ ಕಥೆ

ನಮ್ಮ ಆಫೀಸಿನ ನೆಟ್‌ವರ್ಕ್‌ನಲ್ಲಿ ನೂರಕ್ಕೂ ಜಾಸ್ತಿ ಕಂಪ್ಯೂಟರ್‌ಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ ಗೊತ್ತಾದ ಮೇಲೆ ಎರಡು ಪ್ರಶ್ನೆ ಬಂದವು. ಯಾವ ಮಷಿನ್ ವಿಂಡೋಸ್ 11ಕ್ಕೆ ಆಗುತ್ತದೆ? ಯಾವುದರಲ್ಲಿ ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸಬಹುದು? ಒಂದೊಂದು ಟೇಬಲ್‌ಗೂ ಹೋಗಿ ನೋಡುವ ತಾಳ್ಮೆ ನನಗಿಲ್ಲ, ಹಾಗಾಗಿ ವಿಂಡೋಸ್‌ಗೆ ಆಜ್ಞೆ ಕೊಡುವ ಪವರ್‌ಶೆಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ.

ಬರೆಯೋದೇನೋ ಸುಲಭ. ಆ್ಯಕ್ಟಿವ್ ಡೈರೆಕ್ಟರಿಯಿಂದ (ಆಫೀಸಿನ ಕಂಪ್ಯೂಟರ್, ಬಳಕೆದಾರರ ದಾಖಲೆ) ಕಂಪ್ಯೂಟರ್ ಹೆಸರುಗಳನ್ನು ತೆಗೆದುಕೊಂಡು, ಒಂದೊಂದಕ್ಕೂ ಗೆಟ್-ಸಿಮ್‌ಇನ್‌ಸ್ಟನ್ಸ್ ಆಜ್ಞೆಯ ಮೂಲಕ ವಿನ್32_ಪ್ರೊಸೆಸರ್ (ಪ್ರೊಸೆಸರ್‌ನ ವಿವರ) ಕೇಳಿ, ಬಂದ ಉತ್ತರವನ್ನು ಸಿಎಸ್‌ವಿ ಫೈಲಿಗೆ ಹಾಕಿದರೆ ಆಯಿತು. ಒಂದು ಮಾತು: ಎಲ್ಲ ಮಾಹಿತಿಯನ್ನೂ ಒಟ್ಟಿಗೆ ಕೇಳಬೇಡಿ. ಅದರಲ್ಲಿ ಪ್ರೊಸೆಸರ್ ಮೇಲಿನ ಲೋಡ್ ಅಳೆಯುವ ಒಂದು ಅಂಕಣ ಇದೆ, ಸುಮ್ನೆ ತಡ ಮಾಡಿಸುತ್ತದೆ. ಬೇಕಾದ ನಾಲ್ಕೈದು ಅಂಕಣಗಳ ಹೆಸರು ಮಾತ್ರ ಕೊಡಿ.

ಮೊದಲ ದಿನ ಅರ್ಧದಷ್ಟು ಮಷಿನ್‌ಗಳೂ ಉತ್ತರ ಕೊಡಲಿಲ್ಲ. ಸಾಮಾನ್ಯ ವಿಂಡೋಸ್ ಮಷಿನ್‌ಗಳಲ್ಲಿ ವಿನ್‌ಆರ್‌ಎಂ (ದೂರದಿಂದ ಕೇಳಿದ್ದಕ್ಕೆ ಉತ್ತರಿಸುವ ಸೇವೆ) ತಾನಾಗಿ ಚಾಲೂ ಇರುವುದಿಲ್ಲ, ಹಾಗಾಗಿ 5985ನೇ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರೇ ಇರಲಿಲ್ಲ. ಅಂಥವಕ್ಕೆ ಹಳೆಯ ಡಿಕಾಮ್ ದಾರಿಯಲ್ಲಿ ಇನ್ನೊಮ್ಮೆ ಕೇಳುವಂತೆ ಮಾಡಿದೆ, ಕೆಲವು ಸಿಕ್ಕವು. ಲ್ಯಾಪ್‌ಟಾಪ್‌ಗಳದ್ದೇ ತಲೆನೋವು, ನಾನು ಕೇಳುವ ಹೊತ್ತಿಗೆ ಅವು ಆಫ್ ಆಗಿರುತ್ತವೆ. ಕೊನೆಗೆ ಕೇಳುವುದನ್ನೇ ಬಿಟ್ಟೆ. ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಮಷಿನ್‌ಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಸ್ಟಾರ್ಟಪ್ ಸ್ಕ್ರಿಪ್ಟ್ ಹಾಕಿ, ಮಷಿನ್ ಆನ್ ಆದಾಗ ಅದೇ ತನ್ನ ವಿವರವನ್ನು ಶೇರ್ ಫೋಲ್ಡರಿಗೆ ಬರೆದು ಹೋಗಲಿ ಅಂತ. ಈ ಸ್ಕ್ರಿಪ್ಟ್ ನೆಟ್‌ವರ್ಕ್‌ಗೆ ಬಳಸುವುದು ಕಂಪ್ಯೂಟರಿನ ಖಾತೆಯನ್ನು, ಬಳಕೆದಾರರದ್ದನ್ನಲ್ಲ. ಆದ್ದರಿಂದ ಬರೆಯುವ ಅನುಮತಿಯನ್ನು ಡೊಮೇನ್ ಕಂಪ್ಯೂಟರ್ಸ್ ಗುಂಪಿಗೆ ಕೊಡಬೇಕು. ಮಷಿನ್‌ಗೊಂದು ಫೈಲ್ ಇರಲಿ. ಎಲ್ಲವೂ ಒಂದೇ ಫೈಲಿಗೆ ಮುಗಿಬಿದ್ದರೆ ಕೆಲವು ಸಾಲು ಕಳೆದುಹೋಗುತ್ತವೆ.

ನಿಜವಾದ ಎಡವಟ್ಟು ಆಮೇಲೆ ಆಯಿತು. ವರ್ಚುವಲೈಸೇಶನ್ ಫರ್ಮ್‌ವೇರ್ ಎನೇಬಲ್ಡ್ ಅನ್ನುವ ಅಂಕಣದಲ್ಲಿ (ವರ್ಚುವಲ್ ಮಷಿನ್ ಓಡಿಸುವ ಸೌಲಭ್ಯ ಆನ್ ಇದೆಯಾ ಅಂತ ಹೇಳುವುದು) ಫಾಲ್ಸ್, ಅಂದರೆ ‘ಇಲ್ಲ’, ಬಂದ ಮಷಿನ್‌ಗಳನ್ನೆಲ್ಲ ನಾನು ‘ಆಗುವುದಿಲ್ಲ’ ಪಟ್ಟಿಗೆ ಹಾಕಿ ಕಳಿಸಿಬಿಟ್ಟೆ. ನೋಡಿದರೆ ಆ ಪಟ್ಟಿಯಲ್ಲಿ ತೀರಾ ಹೊಸ ಲ್ಯಾಪ್‌ಟಾಪ್‌ಗಳೇ ಜಾಸ್ತಿ! ಹಳೆಯವು ಸರಿ ಇದ್ದು ಹೊಸವು ಕೆಟ್ಟಿರುತ್ತವಾ? ವಿಷಯ ಏನೆಂದರೆ, ಭದ್ರತೆಗಾಗಿ ಮೆಮೊರಿ ಇಂಟೆಗ್ರಿಟಿಯಂಥ ವಿಂಡೋಸ್ ಸೌಲಭ್ಯಗಳು ಆನ್ ಇದ್ದರೆ ಒಳಗೆ ಹೈಪರ್‌ವೈಸರ್ (ವರ್ಚುವಲ್ ಮಷಿನ್ ನಡೆಸುವ ತಂತ್ರಾಂಶ) ಆಗಲೇ ಓಡುತ್ತಿರುತ್ತದೆ, ಅದು ಓಡುವಾಗ ಈ ಅಂಕಣ ಫಾಲ್ಸ್ ಅನ್ನುತ್ತದೆ. ಅಂದರೆ ಕೆಲಸ ಮಾಡುತ್ತಿರುವುದಕ್ಕೇ ಫಾಲ್ಸ್. ಈಗ ವಿನ್32_ಕಂಪ್ಯೂಟರ್‌ಸಿಸ್ಟಮ್‌ನ ಹೈಪರ್‌ವೈಸರ್‌ಪ್ರೆಸೆಂಟ್ ಮೊದಲು ನೋಡುತ್ತೇನೆ. ಅದು ಟ್ರೂ ಆಗಿದ್ದರೆ ಉಳಿದ ಉತ್ತರವನ್ನು ನಂಬುವುದಿಲ್ಲ. ಎರಡೂ ಫಾಲ್ಸ್ ಆಗಿದ್ದರೂ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶ) ಆಫ್ ಮಾಡಿರಬಹುದು, ಪ್ರೊಸೆಸರ್‌ಗೇ ಆ ಶಕ್ತಿ ಇಲ್ಲ ಅನ್ನುವ ಹಾಗಿಲ್ಲ.

32 ಬಿಟ್ಟೋ 64 ಬಿಟ್ಟೋ ಅನ್ನುವ ಲೆಕ್ಕದಲ್ಲೂ ಇದೇ ಕಥೆ. ಅಡ್ರೆಸ್‌ವಿಡ್ತ್ ಅಂಕಣದಲ್ಲಿ 32 ಅಂದರೆ ವಿಂಡೋಸ್ 32 ಬಿಟ್, ಅಷ್ಟೇ. ಪ್ರೊಸೆಸರ್ ಏನು ಅಂತ ತಿಳಿಯಲು ಡೇಟಾವಿಡ್ತ್ ನೋಡಬೇಕು.

ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಆಗುತ್ತದೆ. ಹೆಸರಿನ ಅಂಕಿಯಿಂದ ತಲೆಮಾರು ಹಿಡಿಯೋಣ ಅಂತ ಹೋದೆ. ಐ5-8250ಯು ಅಂದರೆ 8, ಐ5-10400 ಅಂದರೆ 10. ನಾಲ್ಕು ಅಂಕಿಯಿದ್ದರೆ ಮೊದಲನೆಯದು, ಐದಿದ್ದರೆ ಮೊದಲೆರಡು, ಚೆನ್ನಾಗಿತ್ತು. ಅಷ್ಟರಲ್ಲಿ ಐ7-1165ಜಿ7 ಬಂತು. 11ನೇ ತಲೆಮಾರಿನ ಪ್ರೊಸೆಸರನ್ನು ನನ್ನ ಸ್ಕ್ರಿಪ್ಟ್ 1ನೇ ತಲೆಮಾರಿಗೆ ಸೇರಿಸಿತ್ತು! ಈಗ ಮೈಕ್ರೋಸಾಫ್ಟ್ ಕೊಟ್ಟ ಪಟ್ಟಿಯ ಜೊತೆಗೇ ಹೋಲಿಸುತ್ತೇನೆ. ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಬೇರೆಯಾಗಿ ನೋಡಬೇಕು ಅನ್ನಿ. ತೀರಾ ಹಳೆಯವುಗಳಲ್ಲಿ ಎಸ್‌ಎಸ್‌ಇ4.2, ಪಾಪ್‌ಸಿಎನ್‌ಟಿ ಅನ್ನುವ ಪ್ರೊಸೆಸರ್ ಸೌಲಭ್ಯಗಳು ಇವೆಯಾ ಅಂತ ನೋಡಲು ಕೋರ್‌ಇನ್ಫೋ ಅನ್ನುವ ಟೂಲ್ ಓಡಿಸಿದೆ, ನಕ್ಷತ್ರ ಇದ್ದರೆ ಇದೆ, ಗೆರೆ ಇದ್ದರೆ ಇಲ್ಲ. ಇವೆರಡಿಲ್ಲದಿದ್ದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗುವುದಿಲ್ಲ.

ಈಗ ನನ್ನ ಪಟ್ಟಿಯಲ್ಲಿ ‘ಹೌದು’, ‘ಇಲ್ಲ’ ಜೊತೆಗೆ ‘ಉತ್ತರ ಬಂದಿಲ್ಲ’ ಅಂತ ಮೂರನೆಯದೂ ಇದೆ. ಅದರಲ್ಲಿ ಉಳಿದ ಕೆಲವು ಹೆಸರುಗಳನ್ನು ಹುಡುಕಿಕೊಂಡು ನಾನೇ ಹೋದೆ. ಎರಡು ಮಷಿನ್ ಗುಜರಿಗೆ ಹೋಗಿ ಎಷ್ಟೋ ಕಾಲ ಆಗಿತ್ತು, ಡೈರೆಕ್ಟರಿಯಲ್ಲಿ ಹೆಸರು ಮಾತ್ರ ಹಾಗೇ ಕೂತಿತ್ತು.