ಕಿವಿ ತಮಟೆ ಒಳಕ್ಕೆ ಸರಿದಿದ್ದರೆ ಏನು ಮಾಡಬೇಕು?

ಶಿರಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಅಲ್ವಾ? ಎರಡು ಸಲ ಎಂಜಲು ನುಂಗಿದರೆ ಬಿಟ್ಟುಕೊಳ್ಳುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ, ಅಂದರೆ ತಮಟೆಯ ಹಿಂದಿನ ಗಾಳಿ ತುಂಬಿದ ಜಾಗಕ್ಕೆ, ಹೋಗುವ ಯೂಸ್ಟೇಷಿಯನ್ ನಾಳ ತೆರೆದು ಗಾಳಿ ಒಳಗೆ ಹೋಗುವುದರಿಂದ ಹೀಗಾಗುತ್ತದೆ. ತಿಂಗಳುಗಟ್ಟಲೆ ಈ ನಾಳ ಸರಿಯಾಗಿ ತೆರೆಯದಿದ್ದರೆ ಒಳಗಿನ ಒತ್ತಡ ಇಳಿದು, ತೆಳ್ಳನೆಯ ತಮಟೆ ಒಳಕ್ಕೆ ಸರಿಯುತ್ತದೆ. ಬಹಳ ಸಲ ನೋವೇ ಇರುವುದಿಲ್ಲ. ಅದೇ ಅಪಾಯ.

1. ಸುಳಿವು ಹಿಡಿಯಿರಿ
ಕಿವಿ ತುಂಬಿದ ಹಾಗೆ ಅನಿಸುವುದು, ಮಾತು ದೂರದಿಂದ ಕೇಳಿದ ಹಾಗಿರುವುದು, ಗುಂಯ್ ಶಬ್ದ. ಮಕ್ಕಳು ಹೇಳುವುದಿಲ್ಲ. ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ, ಕರೆದರೆ ತಿರುಗುವುದಿಲ್ಲ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂಭಾಗದ ಅಡಿನಾಯ್ಡ್ ಎಂಬ ಗ್ರಂಥಿ ಊದಿ, ನಾಳಕ್ಕೆ ಅಡ್ಡವಾಗಿರಬಹುದು.

2. ಕಿವಿಗೆ ಏನೂ ಹಾಕಬೇಡಿ
ಕಾಸಿದ ಎಣ್ಣೆ, ಬೆಳ್ಳುಳ್ಳಿ ರಸ, ಹತ್ತಿಯ ಇಯರ್ ಬಡ್ಸ್ ಯಾವುದೂ ಬೇಡ. ತೊಂದರೆ ತಮಟೆಯ ಆಚೆ ಬದಿಯಲ್ಲಿದೆ.

3. ಇಎನ್‌ಟಿ ಡಾಕ್ಟರಿಗೆ ತೋರಿಸಿ
ಕಿವಿಯೊಳಗೆ ನೋಡಿದ ಮೇಲೆ ಆಡಿಯೋಗ್ರಾಮ್ (ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ), ಟಿಂಪನೋಮೆಟ್ರಿ ಮಾಡಿಸುತ್ತಾರೆ. ಟಿಂಪನೋಮೆಟ್ರಿಯಲ್ಲಿ ರಬ್ಬರ್ ತುದಿಯೊಂದನ್ನು ಕಿವಿಯ ಬಾಯಿಗೆ ಒತ್ತಿ, ಗಾಳಿಯ ಒತ್ತಡ ಏರಿಳಿಸುತ್ತಾರೆ. ತಮಟೆ ಎಷ್ಟು ಅಲುಗಾಡುತ್ತದೆ ಎಂದು ಗ್ರಾಫ್ ಮೂಡುತ್ತದೆ. ನೋವಾಗುವುದಿಲ್ಲ, ಕೆಲವೇ ಸೆಕೆಂಡಿನ ಕೆಲಸ. ಗ್ರಾಫ್ ‘ಸಿ’ ಮಾದರಿಯದು ಬಂದರೆ ಒಳಗೆ ಒತ್ತಡ ಕಮ್ಮಿ. ‘ಬಿ’ ಬಂದರೆ ತಮಟೆಯ ಹಿಂದೆ ನೀರು ತುಂಬಿರಬಹುದು. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ನಿಂತು ಹೋಗದಿದ್ದರೆ, ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿಯಲ್ಲಿ ನೋಡಿಸಲೇಬೇಕು. ಅಲ್ಲಿ ಗಡ್ಡೆ ಇರುವ ಸಾಧ್ಯತೆ ಉಂಟು.

4. ಮೂಗು ಸರಿಮಾಡಿಕೊಳ್ಳಿ
ಅಲರ್ಜಿ ಇದ್ದರೆ ಡಾಕ್ಟರು ಹೇಳಿದ ಸ್ಪ್ರೇಯನ್ನು ಬಿಡದೆ ಬಳಸಿ. ಅವರು ಒಪ್ಪಿದರೆ, ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ಊದಿ. ನೆಗಡಿ ಜೋರಾಗಿದ್ದಾಗ ಬೇಡ. ಮಕ್ಕಳಿಗೆ ಮೂಗಿನಿಂದ ಊದುವ ಬಲೂನು ಸಿಗುತ್ತದೆ. ನೀರು ತಿಂಗಳುಗಟ್ಟಲೆ ನಿಂತರೆ ತಮಟೆಗೆ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಹಾಕುತ್ತಾರೆ.

5. ವಾಸನೆಯ ಸೋರಿಕೆ ಕಂಡರೆ ತಡ ಮಾಡಬೇಡಿ
ಒಳಕ್ಕೆ ಸರಿದ ತಮಟೆ ಆಳವಾದ ಜೇಬಿನಂತಾದರೆ, ಉದುರಿದ ಚರ್ಮದ ಪದರ ಹೊರಬರಲಾಗದೆ ಅಲ್ಲೇ ಸೇರುತ್ತದೆ. ಬೆಳೆದ ಆ ಮುದ್ದೆಗೆ ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಆದರೆ ಮೂಳೆ ಕೊರೆಯುತ್ತದೆ. ಶಬ್ದ ಸಾಗಿಸುವ ಪುಟ್ಟ ಮೂಳೆಗಳು ಮೊದಲು ಸವೆಯುತ್ತವೆ. ಮುಂದೆ ಮುಖದ ನರ, ಸಮತೋಲದ ನಾಳ, ಕೊನೆಗೆ ಮೆದುಳಿನ ಪೊರೆಗೂ ತೊಂದರೆ ತಲುಪಬಹುದು. ‘ಕಿವಿ ಸೋರೋದು ಮಾಮೂಲಿ, ದೊಡ್ಡವನಾದ ಮೇಲೆ ನಿಲ್ಲುತ್ತೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕೆಟ್ಟ ವಾಸನೆಯ ಕೀವು ಸ್ವಲ್ಪವೇ ಇದ್ದರೂ ತೋರಿಸಿ. ಮುಖ ಒಂದು ಬದಿಗೆ ಎಳೆದರೆ, ತಲೆ ಸುತ್ತಿದರೆ, ಜ್ವರದ ಜೊತೆ ತೀವ್ರ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

6. ಆಪರೇಷನ್ ಆದ ಮೇಲೂ ಬಿಡಬೇಡಿ
ಕೊಲೆಸ್ಟಿಯಟೋಮಾ ಸಾಮಾನ್ಯವಾಗಿ ಆಪರೇಷನ್ನಿಂದಲೇ ಹೋಗಬೇಕು. ತಮಟೆ ಮತ್ತೆ ಸರಿಯದಂತೆ ಕಿವಿಯದೇ ಮೆದುಮೂಳೆಯ ಚೂರನ್ನು ಆಸರೆಯಾಗಿ ಇಡುತ್ತಾರೆ. ಆದರೂ ವರ್ಷಗಳ ನಂತರ ಅದು ಮತ್ತೆ ಬೆಳೆಯಬಹುದು. ಕಿವಿ ಚೆನ್ನಾಗಿ ಕೇಳುತ್ತಿದ್ದರೂ ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗಿ.